ನೆತ್ತಿಗುಂಟು, ಬಾಯಿಗಿಲ್ಲ

ಕ್ಷೌರದಂಗಡಿಯಲ್ಲಿ ತಲೆಗೆ ನೀರು ಹೊಡೆಯುವ ಬಾಟಲಿಯನ್ನು ನೀವು ನೋಡಿಯೇ ಇರುತ್ತೀರಿ. ಕತ್ತು ಹಿಡಿದು ಒತ್ತಿದರೆ ಚುಸ್ ಎಂದು ತುಂತುರು ಹಾರುತ್ತದಲ್ಲ, ಅದು. ಹೋದ ಮಳೆಗಾಲದಲ್ಲಿ ಬೇಗೂರಿನ ನನ್ನ ತವರುಮನೆಗೆ ಹೋದಾಗ ಅಂಥದೇ ಒಂದು ಬಾಟಲಿ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿತ್ತು. ಅಣ್ಣ ಕಟಿಂಗಿನವನನ್ನೂ ಮನೆಗೇ ಕರೆಸಿಕೊಳ್ಳುವಷ್ಟು ದೊಡ್ಡಮನುಷ್ಯನಾದನೇ ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆ ಅದನ್ನೆತ್ತಿ, ಸೊಳ್ಳೆಗೆ ಔಷಧಿ ಹೊಡೆದಂತೆ ಕಾದ ಕಾವಲಿಗೆ ಒಂದು ಸಲ ಚುಸ್ ಎನ್ನಿಸಿ ದೋಸೆ ಹುಯ್ದರು.

"ಇದೇನತ್ಗೆ ಇದು?"

"ಎಣ್ಣೆ ಕಣಮ್ಮ. ನಿಮ್ಮಣ್ಣಾರು ಮೈಸೂರಿಂದ ತಂದವ್ರೆ. ಒಂದ್ ದೋಸೆಗೆ ಒಂದೇ ಕಿತ ಒತ್ಬೇಕಂತೆ. ಎರಡ್ನೇ ಕಿತ ಒತ್ತುದ್ರೆ ಆ ಸದ್ದಿಗೇ ಹಾಲ್‌ನಿಂದ ಎದ್ದು ಬತ್ತರೆ."

ದೋಸೆ ಎದ್ದಿತು ಎನ್ನುವುದಕ್ಕಿಂತ ಕಿತ್ತು ಬಂತು ಎನ್ನುವುದು ಸರಿ. ಗೋಡೆಗೆ ಅಂಟಿದ ಹಳೆಯ ಪೋಸ್ಟರ್ ಕೆರೆದಂತೆ ಕೆರೆದು ಮೊದಲನೆಯದನ್ನು ಮಗುವಿನ ತಟ್ಟೆಗೆ ಹಾಕಿದರು. ಮಗು ಎಂದರೆ ಅಣ್ಣನ ಮಗ ಮಹೇಶನ ಮಗಳು, ಚಿನ್ನಿ. ವರ್ಷ ತುಂಬಿ ಆಗಲೇ ಕೆಲವು ತಿಂಗಳಾಗಿತ್ತು. ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆ ಅವಳ ನೆತ್ತಿಗೆ ತಟ್ಟಿದ್ದ ಕೊಬ್ಬರಿ ಎಣ್ಣೆ ಹಣೆಗಿಳಿದು, ಹುಬ್ಬು ದಾಟಿ, ಕಣ್ಣಿನ ಹತ್ತಿರ ಬಂದು ನಿಂತಿತ್ತು. ಮೆದುಳು ತಂಪಾಗಿರಲಿ, ಬುದ್ಧಿ ಚುರುಕಾಗಲಿ ಎಂದು ದಿನವೂ ಒಂದು ಬಟ್ಟಲು ಎಣ್ಣೆ ಆ ನೆತ್ತಿಯ ಮೇಲೆ ಹೋಗುತ್ತದೆ. ನೆತ್ತಿಗೆ ಬಟ್ಟಲು, ಬಾಯಿಗೆ ಒಂದು ಚುಸ್. ಮಗು ಒಣ ದೋಸೆಯ ಚೂರನ್ನು ಬಾಯಿಗಿಟ್ಟು, ಹೊರಳಿಸಿ, ಉಗುಳಿ, ಎದುರಿನ ಗೋಡೆಯನ್ನೇ ನೋಡುತ್ತಾ ಕೂತಿತು. ಆ ವಯಸ್ಸಿನ ಮಗು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ಚಾಮರಾಜನಗರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗೃಹವಿಜ್ಞಾನ ಹೇಳಿಕೊಡುವವಳು ನಾನು. ಈ ವಿಷಯಕ್ಕೆ ಎಷ್ಟು ಮರ್ಯಾದೆ ಎಂದು ನಿಮಗೂ ಗೊತ್ತಿರಬೇಕು. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದವರು "ಮೇಡಂ, ಇವತ್ತು ಲ್ಯಾಬಲ್ಲಿ ಏನು, ಚಿತ್ರಾನ್ನಾನಾ?" ಎಂದು ಕೇಳುತ್ತಾರೆ. ಕೇಳಿದವರೇ ಹನ್ನೊಂದು ಗಂಟೆಗೆ ಲ್ಯಾಬಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ತವರಿನಲ್ಲಿ ಇನ್ನೂ ಕಡೆ. ಅಣ್ಣ ಗುರುಮಲ್ಲಪ್ಪನ ಪ್ರಕಾರ ಸರ್ಕಾರ ನನಗೆ ಸಂಬಳ ಕೊಡುವುದು ಹುಡುಗಿಯರಿಗೆ ಸಾರು ಕಲಿಸಲಿಕ್ಕೆ. ಅದನ್ನು ಅವರವ್ವಂದಿರು ಪುಕ್ಕಟೆ ಕಲಿಸುತ್ತಿದ್ದರು. ಹೀಗಾಗಿ ಕೊಬ್ಬು, ಮೆದುಳು, ಮಗು ಈ ಮೂರನ್ನೂ ಸೇರಿಸಿ ನಾನು ಏನೇ ಹೇಳಿದರೂ ಆ ಮನೆಯಲ್ಲಿ ಅದು ಚಿತ್ರಾನ್ನದ ಲೆಕ್ಕಕ್ಕೇ ಹೋಗುತ್ತದೆ.

ಇದೇ ಮನೆಯಲ್ಲಿ ನಾವು ಚಿಕ್ಕವರಿದ್ದಾಗ ಎಣ್ಣೆಗೆ ಇಂಥ ಗತಿ ಇರಲಿಲ್ಲ. ರಾಗಿ ಹೊಲದ ಅಂಚಿಗೆ ಹುಚ್ಚೆಳ್ಳು ಹಾಕುತ್ತಿದ್ದರು. ಅದನ್ನು ಒಣಗಿಸಿ, ಬಡಿದು, ಮೂಟೆ ಕಟ್ಟಿ ಗಾಣದ ಮನೆಗೆ ಒಯ್ಯುವಾಗ ಅಣ್ಣ, ನಾನು ಇಬ್ಬರೂ ಗಾಡಿ ಹತ್ತುತ್ತಿದ್ದೆವು. ಗಾಣದ ಎತ್ತಿನ ಹಿಂದೆ ನಾವೂ ಸುತ್ತುವುದು, ಬಿಸಿ ಹಿಂಡಿಯನ್ನು ಬೆಲ್ಲದ ಜೊತೆ ತಿನ್ನುವುದು, ಡಬ್ಬದ ಬಾಯಿಗೆ ಅಂಟಿದ ಎಣ್ಣೆಯನ್ನು ಬೆರಳಲ್ಲಿ ಬಳಿದು ಒಂದಷ್ಟು ನಾಲಿಗೆಗೆ, ಉಳಿದದ್ದು ಕೂದಲಿಗೆ. ಮನೆಗೆ ಬಂದರೆ ಅಜ್ಜಿ ನಮ್ಮನ್ನು ಮೂಸಿ ನೋಡಿಯೇ ಎಲ್ಲೆಲ್ಲಿ ಏನೇನು ಮಾಡಿದಿರಿ ಎಂದು ಹೇಳುತ್ತಿದ್ದಳು. ಬಿಸಿ ಮುದ್ದೆಗೆ ಹುಚ್ಚೆಳ್ಳು ಚಟ್ನಿ, ಚಟ್ನಿಯ ನಡುವೆ ಗುಳಿ, ಗುಳಿಯಲ್ಲಿ ಎಣ್ಣೆ. ಉಪ್ಸಾರು ಹುಟ್ಟಿನಿಂದಲೇ ಎಣ್ಣೆ ಬೇಡದ ಸಾರು, ನಿಜ. ಆದರೆ ಅದರ ಜೊತೆಗೆ ಹಚ್ಚಿಕೊಳ್ಳಲು ತುಪ್ಪ ಇಲ್ಲದೆ ಅದು ನಮ್ಮ ಮನೆಯಲ್ಲಿ ಎಂದೂ ತಟ್ಟೆಗೆ ಬಂದದ್ದಿಲ್ಲ.

ಅಣ್ಣ ಆಗ ಬೆಣ್ಣೆ ಗಡಿಗೆಯ ಶತ್ರು. ಗಡಿಗೆಯನ್ನು ನೆಲುವಿಗೆ ಏರಿಸಿದರೆ ಒರಳು ಹತ್ತುತ್ತಿದ್ದ. ಒರಳು ತೆಗೆದರೆ ನನ್ನ ಹೆಗಲು ಹತ್ತುತ್ತಿದ್ದ. ದೊಡ್ಡವನಾದ ಮೇಲೂ ಕಮ್ಮಿಯಾಗಲಿಲ್ಲ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಕೇರಳದವರೊಬ್ಬರು ಕೊಬ್ಬರಿ ಎಣ್ಣೆಯಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುತ್ತಾರೆ. ಅಣ್ಣ ಅಲ್ಲಿ ದೊಡ್ಡ ಪೊಟ್ಟಣ ಕಟ್ಟಿಸಿ ಬೈಕು ಹತ್ತಿದರೆ ಬೇಗೂರು ಸೇರುವಷ್ಟರಲ್ಲಿ ಪೊಟ್ಟಣ ಖಾಲಿ. ಮನೆಯವರಿಗೆ ತಂದುಕೊಡುತ್ತಿದ್ದದ್ದು ಅದರ ವಾಸನೆಯನ್ನು ಮಾತ್ರ.

ಇಂಥ ಮನುಷ್ಯನಿಗೆ ಮಂಡಿ ನೋವು ಬಂತು. ಮಂಡಿ ತೋರಿಸಲು ಹೋದ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿ, ಕೊಲೆಸ್ಟ್ರಾಲ್ ಜಾಸ್ತಿ ಇದೆ, ಮಾತ್ರೆ ತೊಗೊಳ್ಳಿ, ನಡೀರಿ, ಕರಿದದ್ದು ಕಮ್ಮಿ ಮಾಡಿ ಎಂದು ಕಳಿಸಿದರು. ನ್ಯಾಯವಾದ ಮಾತು. ಅಣ್ಣ ಮಾತ್ರೆಯನ್ನು ಬಿಟ್ಟ, ನಡೆಯುವುದನ್ನು ಬಿಟ್ಟ, ಕಮ್ಮಿ ಎಂಬುದನ್ನೂ ಬಿಟ್ಟ. ಎಣ್ಣೆ ಬಿಡಬೇಕು ಎಂಬ ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ. ಅವನು ಯಾವುದನ್ನೂ ಅರ್ಧ ಮಾಡಿದವನೇ ಅಲ್ಲ. ತಿಂದರೆ ಗಡಿಗೆ, ಬಿಟ್ಟರೆ ಸನ್ಯಾಸ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ಸಮಯಕ್ಕೆ ಗುಂಡ್ಲುಪೇಟೆಯ ಕಲ್ಯಾಣಮಂಟಪವೊಂದಕ್ಕೆ ಎಲ್ಲಿಂದಲೋ ಒಬ್ಬ ಮಹಾನುಭಾವರು ಬಂದು 'ಎಣ್ಣೆ ಬಿಡಿ, ಬದುಕಿ' ಎಂದು ಭಾಷಣ ಮಾಡಿದರು. ಅಣ್ಣ ಮುಂದಿನ ಸಾಲು. ನಾನೂ ಹೋಗಿದ್ದೆ, ಅತ್ತಿಗೆಗೆ ಜೊತೆಯಾಗಿ. ಎಣ್ಣೆ ಎಂದರೆ ವಿಷವಂತೆ, ತುಪ್ಪ ಎಂದರೆ ನಿಧಾನವಾದ ವಿಷವಂತೆ, ಬೆಣ್ಣೆ ಎಂದರೆ ಗಟ್ಟಿಯಾದ ವಿಷವಂತೆ. ಇಷ್ಟು ವಿಷ ಕುಡಿದೂ ತೊಂಬತ್ತು ದಾಟಿ ಬದುಕಿದ ನಮ್ಮಜ್ಜಿಯ ನೆನಪಾಯಿತು. ಆಮೇಲೆ ಅವರು ವೇದಿಕೆಯ ಮೇಲೆಯೇ ನೀರಿನಲ್ಲಿ ಪೂರಿ ಬೇಯಿಸಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನೀರಿನಲ್ಲಿ ಬೆಂದ ಹಿಟ್ಟಿಗೆ ನಮ್ಮ ಕಡೆ ಬೇರೆ ಹೆಸರಿದೆ, ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಭಾಷಣ ಮುಗಿದು ಹಿಂದಿನ ಹಾಲಿನಲ್ಲಿ ಊಟಕ್ಕೆ ಹೋದರೆ ಎಲೆಯ ತುದಿಯಲ್ಲಿ ಬೋಂಡ ಇತ್ತು. ಎಣ್ಣೆ ಬಿಟ್ಟ ಸಭಿಕರು ಎರಡನೇ ಬೋಂಡಕ್ಕೆ ಕೈಚಾಚುತ್ತಿದ್ದರು. ಅಣ್ಣ ಮಾತ್ರ ಮುಟ್ಟಲಿಲ್ಲ. ಅವನ ದುರದೃಷ್ಟವೆಂದರೆ ಅವನು ಪ್ರಾಮಾಣಿಕ.

ಹಾಗೆಂದು ಕೊಬ್ಬು ತಿನ್ನಿ ಎನ್ನುವ ಆ ಕಡೆಯವರು ಸಾಚಾ ಎಂದುಕೊಳ್ಳಬೇಡಿ. ಕಾಫಿಗೆ ತುಪ್ಪ ಹಾಕಿ ಕುಡಿದರೆ ಮಂಕು ಹರಿಯುತ್ತದೆ ಎಂದು ನಮ್ಮ ಕಾಲೇಜಿನ ಗುಮಾಸ್ತರು ಕುಡಿಯಲು ಶುರುಮಾಡಿದ್ದಾರೆ. ಮಂಕು ಹಾಗೇ ಇದೆ, ಹೊಟ್ಟೆ ಮಾತ್ರ ಬಂದಿದೆ. ಪರೀಕ್ಷೆ ಹತ್ತಿರ ಬಂದರೆ ಸಾಕು, ಮೆದುಳಿಗೆ ಒಳ್ಳೆಯದು ಎಂದು ಮೀನೆಣ್ಣೆ ಮಾತ್ರೆ ಮಾರುವವರು ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ವರ್ಷವಿಡೀ ಓದದ ಹುಡುಗಿಯ ತಾಯಿ ಮಡಿ-ಮೈಲಿಗೆ ಮರೆತು ಅದನ್ನು ಕೊಳ್ಳುತ್ತಾಳೆ. ಅಕ್ರೋಟು ಮೆದುಳಿನ ಆಕಾರದಲ್ಲಿದೆ, ಆದ್ದರಿಂದ ಮೆದುಳಿಗೆ ಒಳ್ಳೆಯದು ಎಂಬ ಪಂಡಿತರಿಗಂತೂ ನಾನು ಕೇಳುವುದು ಒಂದೇ: ಹಾಗಲಕಾಯಿ ನಿಮ್ಮ ಯಾವ ಅಂಗದ ಹಾಗಿದೆ?

ವಿಷಯ ಅಷ್ಟು ಕಷ್ಟವೂ ಅಲ್ಲ. ನಮ್ಮ ಮೆದುಳಿನಿಂದ ನೀರನ್ನೆಲ್ಲ ಹಿಂಡಿ ತೆಗೆದರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಬೇಗ ಮುಟ್ಟಬೇಕಾದರೆ ನರದ ಸುತ್ತ ಕೊಬ್ಬಿನ ಹೊದಿಕೆ ಬೇಕು. ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಸುತ್ತಿರುತ್ತದಲ್ಲ, ಹಾಗೆ. ಆ ಹೊದಿಕೆಯ ಕೆಲಸ ಭರದಿಂದ ನಡೆಯುವುದು ಮಗುವಿನ ಮೊದಲ ಎರಡು ವರ್ಷಗಳಲ್ಲಿ. ಅದಕ್ಕೇ ತಾಯಿಯ ಹಾಲಿನಲ್ಲಿ ಅಷ್ಟು ಕೊಬ್ಬು. ಅರವತ್ತರ ಗಂಡಸಿನ ರಕ್ತನಾಳಕ್ಕೆ ಯಾವುದು ಭಾರವೋ ಅದೇ ಒಂದು ವರ್ಷದ ಮಗುವಿನ ತಲೆಗೆ ಸಾಮಾನು. ಮನಸ್ಸಿನ ವಿಷಯದಲ್ಲಿ ಮಾತ್ರ ಬಲ್ಲವರೂ ತಡೆದು ತಡೆದು ಮಾತಾಡುತ್ತಾರೆ. ಕೆಲವು ಬಗೆಯ ಕೊಬ್ಬು ತೀರಾ ಕಮ್ಮಿಯಾದವರಲ್ಲಿ ಬೇಸರ, ಕುಗ್ಗುವಿಕೆ ಹೆಚ್ಚು ಕಾಣುತ್ತದೆ ಎನ್ನುತ್ತಾರೆ. ಕೊಬ್ಬು ತಿನ್ನಿಸಿದರೆ ಬೇಸರ ಹೋಗುತ್ತದೆಯೇ ಎಂದರೆ ಖಾತ್ರಿಯಿಲ್ಲ ಎನ್ನುತ್ತಾರೆ. ಖಾತ್ರಿಯಿಲ್ಲ ಎನ್ನುವವರಿಗೆ ಕಲ್ಯಾಣಮಂಟಪ ಸಿಗುವುದಿಲ್ಲ.

ಅಣ್ಣನ ಮನಸ್ಸಂತೂ ಕೆಟ್ಟುಹೋಗಿತ್ತು. ನಗುತ್ತಾ ಬೀದಿ ತುಂಬುತ್ತಿದ್ದವನು ಈಗ ಬೆಳಗೆದ್ದು ಚಾಪೆಯ ಮೇಲೂ ರೇಗುತ್ತಾನೆ. ಇದು ಮೆದುಳಿಗೆ ಕೊಬ್ಬು ಸಾಲದೆಯೋ, ನಾಲಿಗೆಗೆ ರುಚಿ ಸಾಲದೆಯೋ ನಾನು ಹೇಳಲಾರೆ. ಒಗ್ಗರಣೆಯಿಲ್ಲದ ಸಾರನ್ನು ತಿಂಗಳುಗಟ್ಟಲೆ ಉಂಡವರಿಗೆ ಸಿಟ್ಟು ಬರುವುದಕ್ಕೆ ವಿಜ್ಞಾನದ ಆಧಾರ ಬೇಕಿಲ್ಲ.

ತಮಾಷೆಯೆಂದರೆ, ಆ ಮನೆ ಉಣ್ಣುವುದೇ ಎಣ್ಣೆಯ ದುಡಿಮೆಯಿಂದ. ಅಣ್ಣನ ಹೊಲ ಹೆದ್ದಾರಿಯ ಅಂಚಿಗಿದೆ. ಮಳೆ ಹಿಡಿದರೆ ಅಲ್ಲೆಲ್ಲ ಸೂರ್ಯಕಾಂತಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬೇಗೂರಿಗೆ ಬರುವ ದಾರಿಯಲ್ಲಿ ನೋಡಬೇಕು ನೀವು. ಕೇರಳದ ಕಾರು, ಬೆಂಗಳೂರಿನ ಕಾರು ರಸ್ತೆ ಬದಿಗೆ ಸಾಲಾಗಿ ನಿಂತಿರುತ್ತವೆ. ಹೊಲದೊಳಗೆ ನುಗ್ಗಿ, ಹೂವಿನ ಕೆನ್ನೆಗೆ ಕೆನ್ನೆಯಿಟ್ಟು, ತುಟಿ ಚೂಪು ಮಾಡಿ ಸೆಲ್ಫಿ. ಅವರಲ್ಲಿ ಅರ್ಧಕ್ಕರ್ಧ ಜನ ಡಯೆಟ್ಟಿನವರು ಎಂದು ಅವರು ಹಿಡಿದ ಸೌತೆಕಾಯಿ ಡಬ್ಬಿಯೇ ಹೇಳುತ್ತದೆ. ಆ ಹೂವಿನಲ್ಲಿರುವುದು ಎಣ್ಣೆ ತಾಯಿ, ಸ್ವಲ್ಪ ದೂರ ನಿಲ್ಲಿ ಎಂದು ಕೂಗಬೇಕೆನಿಸುತ್ತದೆ. ಅಣ್ಣ ಬದುವಿನ ಮೇಲೆ ನಿಂತು ಅವರಿಗೆ ಗದರುತ್ತಾನೆ. ಬೀಜ ಮಂಡಿಗೆ ಹೋಗುತ್ತದೆ, ಊರಿನವರ ಕಾವಲಿಗೆ ಎಣ್ಣೆಯಾಗುತ್ತದೆ. ಅವನ ಮನೆಯ ಕಾವಲಿಗೆ ಒಂದು ಚುಸ್.

ಇಷ್ಟು ನಕ್ಕು ಸುಮ್ಮನಾಗಬಹುದಿತ್ತು, ಅಣ್ಣನೊಬ್ಬನೇ ಬಿಟ್ಟಿದ್ದರೆ. ಆದರೆ ಆ ಮನೆಗೆ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇದೆ. ಒಲೆ ಒಂದೇ, ಸಾರಿನ ಪಾತ್ರೆ ಒಂದೇ, ಬಡಿಸುವಾಗ ಭೇದ ಮಾಡಬಾರದು. ಹೊಲದಾಳಿನ ತಟ್ಟೆಗೂ, ಹೊಸ ಸೊಸೆಯ ತಟ್ಟೆಗೂ, ಯಜಮಾನನ ತಟ್ಟೆಗೂ ಒಂದೇ ಮಿಳ್ಳೆ ತುಪ್ಪ. ವರ್ಷ ತುಂಬಿದ ಮಗುವೂ ಆ ಪಾತ್ರೆಗೇ ಸೇರುತ್ತದೆ. ನಮ್ಮ ಬೀದಿಯಲ್ಲಿ ಒಡೆದ ಮನೆಗಳೆಲ್ಲ ಒಂದು ಬೇರೆ ಪಾತ್ರೆಯಿಂದಲೇ ಶುರುವಾದವು ಎಂದು ಹಿರಿಯರು ಹೇಳುತ್ತಿದ್ದರು. ಇವತ್ತು ಸಾರು ಬೇರೆಯಾದರೆ ನಾಳೆ ಪಹಣಿ ಬೇರೆಯಾಗುತ್ತದೆ ಎಂಬ ಭಯ. ಅಜ್ಜ ಇದನ್ನು ಮಾಡಿದ್ದು ತುಪ್ಪ ಎಲ್ಲರಿಗೂ ಸಿಗಲಿ ಎಂದು. ಅಣ್ಣ ಅದೇ ಕಟ್ಟಳೆಯನ್ನು ಹಿಡಿದು ತುಪ್ಪ ಯಾರಿಗೂ ಸಿಗದಂತೆ ಮಾಡಿದ. ಯಜಮಾನ ತಿನ್ನದ್ದನ್ನು ಉಳಿದವರು ತಿಂದರೆ ಅದು ಪಂಕ್ತಿಭೇದ.

ಮನೆಯಲ್ಲಿ ಹಸುವಿಲ್ಲವೇ ಎಂದರೆ ಇದೆ. ಹಾಲು ಕಾಯಿಸಿ, ಕೆನೆ ತೆಗೆದು, ಮತ್ತೆ ಕಾಯಿಸಿ, ಮತ್ತೆ ತೆಗೆದು, ನೀಲಿ ಬಣ್ಣಕ್ಕೆ ತಿರುಗಿದ ನೀರನ್ನು ಹಾಲು ಎಂದು ಎಲ್ಲರಿಗೂ ಕೊಡುತ್ತಿದ್ದರು. ವರ್ಷ ತುಂಬುತ್ತಲೇ ಬೇವು ಹಚ್ಚಿಸಿ ತಾಯಿಯ ಹಾಲು ಬಿಡಿಸಿದ್ದ ಮಗುವಿಗೂ ಅದೇ. ಕೆನೆಯಿಂದ ತೆಗೆದ ಬೆಣ್ಣೆ ಕಾಸಿದ ತುಪ್ಪ ದೇವರ ದೀಪಕ್ಕೆ. ದೇವರಿಗೆ ಕೊಲೆಸ್ಟ್ರಾಲ್ ಇಲ್ಲ.

ದೋಸೆ ತಿಂದ ದಿನವೇ ನಾನು ಅಣ್ಣನ ಮುಂದೆ ಕೂತೆ.

"ಅಣ್ಣ, ಡಾಕ್ಟ್ರು ಹೇಳಿದ್ದು ನಿಂಗೆ. ಮಗೀಗೆ ಯಾಕೆ ಕಟ್ ಮಾಡಿದ್ದೀಯ?"

"ಏನಮ್ಮಿ, ಮನೆವ್ರಿಗೆಲ್ಲ ಒಂದು, ಮಗೀಗೊಂದಾ? ಪಂಕ್ತಿಲಿ ಭೇದ ಮಾಡು ಅಂತೀಯಾ? ಒಲೆ ಬೇರೆ ಮಾಡ್ಸಕ್ಕೆ ಬಂದೀಯಾ?"

"ಗ್ಯಾಸಿನೊಲೆಗೆ ಎರಡು ಬಾಯಿ ಇದೆಯಲ್ಲ. ಒಂದ್ರಲ್ಲಿ ಮಗೀಗೆ ಮಾಡ್ಲಿ."

"ಬಾಯಿ ಎರಡಿದ್ರೂ ಒಲೆ ಒಂದೇ ಕಣಮ್ಮಿ. ನೆತ್ತಿಗೆ ದಿನಾ ಎಣ್ಣೆ ಇಕ್ತಾ ಅವ್ರಲ್ಲ, ಸಾಲ್ದಾ ತಲೆಗೆ?"

"ನೆತ್ತಿಗೆ ಇಟ್ಟಿದ್ದು ಕೂದಲಿಗೆ ಅಣ್ಣ. ಮೆದುಳಿಗೆ ಹೋಗೋ ದಾರಿ ಬಾಯಿ."

"ಬುಡು ಬುಡು. ನೀ ಕಾಲೇಜ್ಲಿ ಹೇಳ್ಕೊಡದೇ ಒಗ್ಗರಣೆ. ಅದ್ಕೇ ನಿಂಗೆ ಅದ್ರ ಮೇಲೇ ಗ್ಯಾನ. ಸುಮ್ಕೆ ಕೂತ್ಕ."

ನಾನು ಸುಮ್ಮನೆ ಕೂರುವವಳಲ್ಲ, ಎದ್ದು ಹಿತ್ತಿಲಿಗೆ ಹೋದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಹೇಶನ ಹೆಂಡತಿ ಸೌಮ್ಯ ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಹಂಗಳದ ಹುಡುಗಿ, ಮಾತು ಕಮ್ಮಿ. ನನ್ನನ್ನು ಕಂಡು ನೀರು ನಿಲ್ಲಿಸಿದಳು.

"ಅತ್ತೆ, ನೀವು ಓದ್ದೋರು. ನಿಜ ಹೇಳಿ. ಪಕ್ಕದ್ಮನೆ ಕೂಸು ಇವ್ಳಿಗಿಂತ ಚಿಕ್ಕದು, ಬೀದಿಗಂಟ ಓಡ್ತದೆ. ಇವ್ಳು ಹಿಡ್ಕಂಡೂ ನಿಲ್ಲಕಿಲ್ಲ. ತಾತಾ ಅಂತಿದ್ದದ್ದೂ ಕಮ್ಮಿ ಆಗದೆ. ಅಂಗನವಾಡೀಲಿ ತೂಕ ಏರ್ತಿಲ್ಲ ಅಂತಾವ್ರೆ. ಇವ್ಳ ತಲೆಗೇನಾರ ಆಗದಾ ಅತ್ತೆ?"

"ನಿಮ್ಮಾವನಿಗೆ ಹೇಳಿದ್ಯಾ?"

"ಹೆಂಗೇಳ್ಲಿ? ನಮ್ಮವ್ವ ಊರಿಂದ ಬೆಣ್ಣೆ ಕಳ್ಸಿತ್ತು. ಅದ್ನೂ ದೀಪಕ್ಕೆ ಕಾಸ್ಬುಟ್ರು. ನಾನೇ ಬೇರೆ ಪಾತ್ರೆ ಮಡಗ್ತೀನಿ ಅಂದ್ರೆ ಮನೆ ಒಡ್ಯಕ್ಕೆ ಬಂದೋಳು ಅಂತರೆ."

"ಮಹೇಶ ಏನಂತಾನೆ?"

"ಅವ್ರು ಬದನಗುಪ್ಪೆ ಫ್ಯಾಕ್ಟ್ರಿ ಕ್ಯಾಂಟೀನಲ್ಲಿ ಪೂರಿ ತಿಂದ್ಕಂಡ್ ಬತ್ತರೆ. ಇಲ್ಲಿ ಅಪ್ಪನ್ ಎದ್ರುಗೆ ಬಾಯ್ ಬುಡಕಿಲ್ಲ."

ನನ್ನ ಸೋದರಳಿಯನ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಬರೆಯಲು ಅವನಲ್ಲಿ ಏನಾದರೂ ಇರಬೇಕಲ್ಲ. ಸೌಮ್ಯ ಅಳಲಿಲ್ಲ. ಆದರೆ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದಳು. ಅಷ್ಟು ಹೊತ್ತು ತುಟಿಯಲ್ಲಿದ್ದ ನನ್ನ ನಗು ಅಲ್ಲಿಗೆ ಮುಗಿಯಿತು, ಭಯವಾಯಿತು. ಒಳಗೆ ಬಂದು, ಮಗುವನ್ನು ಚಾಮರಾಜನಗರದ ಮಕ್ಕಳ ಡಾಕ್ಟರಿಗೆ ತೋರಿಸಬೇಕು ಎಂದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದ ಅಣ್ಣ ಎದ್ದು ಅಂಗಿ ಹಾಕಿಕೊಂಡ.

"ಹೋಗನ ನಡಿ. ನಿನ್ ಡಾಕ್ಟ್ರ ಬಾಯಲ್ಲೇ ಕೇಳನ. ಆಮ್ಯಾಕೆ ನೀ ತುಟಿಕ್ ಪಿಟಿಕ್ ಅನ್ನಂಗಿಲ್ಲ."

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಬೆಳಗಿನಿಂದ ಮಕ್ಕಳ ಅಳು ಕೇಳಿ ಕೇಳಿ ಸುಸ್ತಾಗಿದ್ದರು. ಮಗುವನ್ನು ನಿಲ್ಲಿಸಲು ನೋಡಿದರು, ಕಾಲು ಮಡಿಸಿಕೊಂಡಿತು. ಗಿಲಕಿ ಆಡಿಸಿದರು, ತಡವಾಗಿ ತಿರುಗಿತು. ತಲೆ ಅಳೆಯಲು ಹೋದ ಟೇಪು ನೆತ್ತಿಯ ಎಣ್ಣೆಯಲ್ಲಿ ಜಾರಿತು. ಅದನ್ನು ಒರೆಸಿಕೊಂಡು ಮಗುವಿಗೆ ಏನೇನು ಕೊಡುತ್ತೀರಿ ಎಂದು ಕೇಳಿದರು. ಸೌಮ್ಯ ಬಾಯಿ ತೆರೆಯುವ ಮೊದಲೇ ಅಣ್ಣ ಶುರುಮಾಡಿದ. ಬಹುಮಾನ ಬರುತ್ತದೆಂದು ನಂಬಿದವನ ದನಿ. ಒಂದು ತೊಟ್ಟು ಎಣ್ಣೆ ಇಲ್ಲ, ತುಪ್ಪ ಇಲ್ಲ, ಕಡಲೆಕಾಯಿ ಇಲ್ಲ, ತೆಂಗಿನಕಾಯಿ ಇಲ್ಲ, ಹಾಲಿನ ಕೆನೆಯೂ ತೆಗೆದು ಕೊಡ್ತೀವಿ ಕಣವ್ವ, ಎಂದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಕೊಲೆಸ್ಟ್ರಾಲ್ ಯಾರಿಗೆ?"

"ನಂಗೆ."

"ಮತ್ತೆ ಪಥ್ಯ ಇವಳಿಗ್ಯಾಕೆ ಯಜಮಾನರೇ?"

"ನಮ್ಮನೇಲಿ ಒಂದೇ ಅಡ್ಗೆ ಕಣವ್ವ. ಭೇದ ಮಾಡಕಿಲ್ಲ."

"ನೀವು ಬೀಪಿ ಮಾತ್ರೆ ನುಂಗಿದ್ರೆ ಅದನ್ನೂ ಎಲ್ಲರಿಗೂ ಹಂಚ್ತೀರಾ? ಎರಡು ವರ್ಷದ ತನಕ ಮಗೂಗೆ ಕೊಬ್ಬು ತಪ್ಪಿಸಲೇಬಾರದು. ಅದರ ಮೆದುಳು ಕಟ್ಟುತ್ತಿರೋ ಕಾಲ ಇದು. ಗೋಡೆ ಏಳೋ ಹೊತ್ತಲ್ಲಿ ನೀವು ಗಾರೆ ನಿಲ್ಲಿಸಿದ್ದೀರಿ." ಆಮೇಲೆ ರಕ್ತದ ರಿಪೋರ್ಟು ತರಿಸಿ ನೋಡಿ, ರಕ್ತವೂ ಕಮ್ಮಿ ಇದೆ, ಇನ್ನೂ ಒಂದೆರಡು ಕಮ್ಮಿ ಇವೆ, ಔಷಧಿ ಕೊಡುತ್ತೇನೆ ಎಂದರು. "ಬರೀ ಎಣ್ಣೆ ಬಿಟ್ಟಿದ್ದರಿಂದಲೇ ಹಿಂಗಾಯ್ತು ಅಂತ ನಾನು ಹೇಳಲ್ಲ."

ಅಣ್ಣ ತಿರುಗಿ ನನ್ನನ್ನು ನೋಡಿದ. ಕಂಡ್ಯಾ, ಎನ್ನುವ ನೋಟ.

"ಅದರಿಂದ ಏನೂ ಆಗಿಲ್ಲ ಅಂತಾನೂ ಹೇಳಲ್ಲ. ಇವತ್ತಿಂದಲೇ ಶುರುಮಾಡಿ. ಬಹಳಷ್ಟು ಸರಿಹೋಗುತ್ತೆ."

ಊರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಳ್ಳುತ್ತಿದ್ದೆ; ಗುಂಡ್ಲುಪೇಟೆ ದಾಟುವಷ್ಟರಲ್ಲಿ ಅದು ಕಲ್ಯಾಣಮಂಟಪದ ಮಹಾನುಭಾವರಿಗಿಂತ ಉದ್ದವಾಗಿತ್ತು. ಮನೆ ಸೇರಿದವನೇ ಅಣ್ಣ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದ. ಅತ್ತಿಗೆ ಗಾಬರಿಯಿಂದ ಎದ್ದು ನಿಂತರು. ಅವನಿಗಿದ್ದ ದಾರಿಗಳು ಎರಡೇ. ಮಗುವಿಗೆ ಪಾತ್ರೆ ಬೇರೆ ಮಾಡಬೇಕು, ಅಜ್ಜನ ಕಟ್ಟಳೆ ಮುರಿಯುತ್ತದೆ. ಇಲ್ಲವೆ ಎಲ್ಲರಿಗೂ ಹಾಕಿದ್ದನ್ನು ತಾನೂ ತಿನ್ನಬೇಕು. ನಾವು ಅಷ್ಟೇ ಯೋಚಿಸಿದ್ದೆವು.

"ಇವತ್ತಿಂದ ಸಾರಿಗೆ ಒಗ್ಗರಣೆ ಹಾಕ್ರಿ. ಹಾಲಲ್ಲಿ ಕೆನೆ ಬುಡ್ರಿ. ಕೂಸ್ಗೂ, ನಿಮ್ಗೂ, ಎಲ್ರಿಗೂ ತುಪ್ಪ ಬಡಿಸ್ರಿ, ಭೇದ ಬ್ಯಾಡ," ಎಂದ. ಒಂದು ಚಿಕ್ಕ ಪಾತ್ರೆ, ಒಂದು ಸೌಟು ಎತ್ತಿಕೊಂಡ. "ಕೂಸು ಮನೆ ಪಾತ್ರೆಲೇ ಉಣ್ಲಿ. ಬೇರೆ ಆಗದೇ ಆದ್ರೆ ನಾ ಆಯ್ತೀನಿ."

ಅಂದಿನಿಂದ ಅಣ್ಣ ಜಗಲಿಯ ಮೂಲೆಯಲ್ಲಿ ಕರೆಂಟಿನ ಒಲೆ ಇಟ್ಟುಕೊಂಡು ತನ್ನ ಉಪ್ಸಾರು ತಾನೇ ಬೇಯಿಸಿಕೊಳ್ಳುತ್ತಾನೆ. ಅಡುಗೆ ಎಂದರೆ ಏನೆಂದು ಅರವತ್ತು ದಾಟಿದ ಮೇಲೆ ಕಲಿತವನ ಸಂಭ್ರಮ ನೋಡಬೇಕು. ಕಾಳು ಬೇಯುವ ಮೊದಲೇ ಸೊಪ್ಪು ಹಾಕುತ್ತಾನೆ, ಸೊಪ್ಪು ಕರಗಿದ ಮೇಲೆ ಕಾಳು ಬೆಂದಿಲ್ಲ ಎಂದು ಅತ್ತಿಗೆಯ ಮೇಲೆ ರೇಗುತ್ತಾನೆ. ಮಾತ್ರೆಯನ್ನೂ ನುಂಗಲು ಶುರುಮಾಡಿದ್ದಾನೆ, ಆದರೆ ಡಾಕ್ಟರಿಗೆ ಉಪಕಾರ ಮಾಡಿದವನ ಹಾಗೆ.

ಬೀದಿ ಸುಮ್ಮನಿರುತ್ತದೆಯೇ? ಗುರುಮಲ್ಲಪ್ಪ ಹೆಂಡತಿ ಮಕ್ಕಳನ್ನು ಬಿಟ್ಟು ಬೇರೆಯಾದನಂತೆ ಎಂಬ ಸುದ್ದಿ ಸಂತೆಗೂ ಹೋಯಿತು, ಹಂಗಳಕ್ಕೂ ಹೋಯಿತು. ಸೊಸೆಯೇ ಮಾವನನ್ನು ಹೊರಗೆ ಹಾಕಿದಳು ಎಂದು ಅದಕ್ಕೆ ಒಗ್ಗರಣೆ. ರಾಜಿ ಮಾಡಿಸಲು ಬೀಗರು, ನೆಂಟರು, ಇಬ್ಬರು ಮಾಜಿ ಪಂಚಾಯ್ತಿ ಮೆಂಬರುಗಳು ಬಂದು ಜಗಲಿಯಲ್ಲಿ ಕೂತರು. ಆಸ್ತಿ ಎಷ್ಟೆಷ್ಟು ಪಾಲಾಯಿತು ಎಂಬುದೇ ಅವರ ಮೊದಲ ಪ್ರಶ್ನೆ. ಅತ್ತಿಗೆ ಅವರಿಗೆ ವಡೆ ಕರಿದು ಕೊಟ್ಟರು. ಅವರು ವಡೆ ತಿಂದು, ಎಣ್ಣೆಗೈಯನ್ನು ಮೀಸೆಗೆ ಒರೆಸಿಕೊಂಡು, ಒಂದು ಮನೆಯಲ್ಲಿ ಎರಡು ಒಲೆ ಹೊತ್ತಬಾರದು ಗುರುಮಲ್ಲಪ್ಪ, ಮನೆತನದ ಮರ್ಯಾದೆ ಏನಾಗಬೇಕು ಎಂದು ಬುದ್ಧಿ ಹೇಳಿದರು. ಅಣ್ಣ ತನ್ನ ಪಾತ್ರೆಗೆ ನೀರು ಹಾಕಿಕೊಂಡು, "ವಡೆ ಇನ್ನೆರಡು ತಿನ್ರಪ್ಪ," ಎಂದ.

ದಸರೆ ಕಳೆದ ಮೇಲೆ ಮತ್ತೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಚಿನ್ನಿ ಜಗಲಿಯ ಮೇಲೆ ಒಂದು ಮಣೆಯನ್ನು ತಳ್ಳಿಕೊಂಡು, ಬಿದ್ದು, ಎದ್ದು, ಮತ್ತೆ ತಳ್ಳುತ್ತಿದ್ದಳು. ಕೆನ್ನೆಗೆ ಸ್ವಲ್ಪ ತುಂಬು ಬಂದಿತ್ತು. ಗಲ್ಲದ ಮೇಲೆ ತುಪ್ಪದನ್ನದ ಅಗುಳು. ತಾತಾ ಎಂದು ಒಂದು ಸಲ ಅಂದಳು, ಅಣ್ಣನಿಗೋ ಮಣೆಗೋ ತಿಳಿಯಲಿಲ್ಲ. ಸೌಮ್ಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅಣ್ಣ ನನ್ನ ಪಕ್ಕಕ್ಕೆ ಸರಿದು ಕೂತ. ದನಿ ಎಷ್ಟು ಇಳಿದಿತ್ತೆಂದರೆ ಅದು ಅವನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲ ಕಣಮ್ಮಿ, ಈಗ ಉಣ್ತಾ ಅವ್ಳಲ್ಲ, ಸರಿ. ಆಗ ತಪ್ಪೋಯ್ತಲ್ಲ, ತಲೆ ಒಳ್ಗೆ ಆಗ್ಬೇಕಾಗಿದ್ದದ್ದು… ಅದೂ ತುಂಬ್ಕತದಾ?"

ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಭಾಷಣ ಇನ್ನೂ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ತುಂಬಿಕೊಳ್ಳುತ್ತದೆ ಬಿಡು ಎಂದು ಸಮಾಧಾನ ಹೇಳಲೂ ಬಾಯಿ ತೆರೆದೆ. ಬಹಳಷ್ಟು ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಎಲ್ಲ ಎಂದಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಅಣ್ಣನೂ ಗಮನಿಸಿದ್ದ ಎಂದು ಆಗ ತಿಳಿಯಿತು.

"ಗೊತ್ತಿಲ್ಲ ಅಣ್ಣ," ಎಂದೆ.

ಹುಟ್ಟಿದಾಗಿನಿಂದ ನನ್ನ ಯಾವ ಮಾತನ್ನೂ ಅವನು ಹಾಗೇ ಒಪ್ಪಿದವನಲ್ಲ. ಅವತ್ತು ತಲೆಯಾಡಿಸಿದ.